ರಾಡ್‌ಗೆ ಸುತ್ತುವ ಬಣ್ಣದ ದಾರ: ನಾನು ಆರಿಸುವ ಬಗೆ, ಸುತ್ತುವ ಬಗೆ

ಅಂಗಡಿಯಲ್ಲಿ ಉಂಡೆಯಲ್ಲಿ ಕಾಣುವ ಬಣ್ಣವೇ ಬೇರೆ, ಎಪಾಕ್ಸಿ (ದಾರದ ಮೇಲೆ ಹಚ್ಚುವ, ಒಣಗಿ ಗಟ್ಟಿಯಾಗುವ ಅಂಟು) ಬಳಿದ ಮೇಲೆ ಮೀನಿನ ಗಾಳದ ರಾಡ್ ಮೇಲೆ ಕಾಣುವ ಬಣ್ಣವೇ ಬೇರೆ. ಅದಕ್ಕೇ ನಾನು ಉಂಡೆ ನೋಡಿ ದಾರ ಆರಿಸುವುದಿಲ್ಲ.

ಮಂಗಳೂರಿನ ಅಳಿವೆಯಲ್ಲಿ, ಕಡಲ ದಂಡೆಯಲ್ಲಿ ಗಾಳ ಹಾಕುವವರಿಗೆ ನಾನು ರಾಡ್ ಕಟ್ಟಿಕೊಡುತ್ತೇನೆ. ಬ್ಲ್ಯಾಂಕ್ (ರಾಡಿನ ಬರಿ ಕೋಲು) ಯಾವುದು, ಗೈಡ್ (ಗಾಳದ ನೂಲು ಹಾಯುವ ಉಂಗುರ) ಯಾವುದು ಅಂತ ಎಲ್ಲರೂ ಕೇಳುತ್ತಾರೆ. ದಾರದ ಮಾತು ಬಂದರೆ "ನೀಲಿ ಇರಲಿ" ಅನ್ನುತ್ತಾರೆ, ಅಷ್ಟೇ. ಆದರೆ ಗೈಡನ್ನು ಬ್ಲ್ಯಾಂಕಿಗೆ ಹಿಡಿದಿಡುವುದು ದಾರವೇ ಅಲ್ವಾ?

ಹೆಚ್ಚಾಗಿ ಬಳಸುವುದು ನೈಲಾನ್ ದಾರ. ಸಾದಾ ನೈಲಾನ್ ಎಪಾಕ್ಸಿಯನ್ನು ಹೀರಿಕೊಳ್ಳುತ್ತದೆ. ಬಿಳಿ ಪಂಚೆ ನೆನೆದರೆ ಒಳಗಿನದು ಕಾಣುವ ಹಾಗೆ, ದಾರದ ಅಡಿಯ ಬ್ಲ್ಯಾಂಕ್ ಕಾಣಲು ಶುರುವಾಗುತ್ತದೆ. ಕಪ್ಪು ಗ್ರಾಫೈಟ್ ಬ್ಲ್ಯಾಂಕಿನ ಮೇಲೆ ಕೆಂಪು ದಾರ ಕಂದಾಗುತ್ತದೆ, ತಿಳಿ ಬಣ್ಣಗಳು ಹೆಚ್ಚುಕಡಿಮೆ ಮಾಯವಾಗುತ್ತವೆ. ಬಣ್ಣ ಹಾಗೇ ಉಳಿಯಬೇಕಾದರೆ ಎರಡು ದಾರಿ. ಒಂದು, ಮೊದಲೇ ಸಂಸ್ಕರಿಸಿದ ಎನ್‌ಸಿಪಿ (ನೋ ಕಲರ್ ಪ್ರಿಸರ್ವರ್) ದಾರ ತರುವುದು. ಇನ್ನೊಂದು, ಸುತ್ತಿದ ಮೇಲೆ ಕಲರ್ ಪ್ರಿಸರ್ವರ್ ಅನ್ನುವ, ಬಣ್ಣ ಕಾಯುವ ದ್ರವ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಹಾಕುವುದು.

ಗೈಡ್ ಇರುವ ಕಡೆ ನಾನು ಪ್ರಿಸರ್ವರ್ ಬಳಸುವುದೇ ಇಲ್ಲ. ಅದು ದಾರದ ಎಳೆಗಳನ್ನು ಮುಚ್ಚಿಬಿಡುತ್ತದೆ. ಎಪಾಕ್ಸಿ ಒಳಗಿಳಿದು ದಾರವನ್ನೂ ಗೈಡಿನ ಕಾಲನ್ನೂ (ಬ್ಲ್ಯಾಂಕಿನ ಮೇಲೆ ಕೂರುವ ಪಟ್ಟಿ) ಬ್ಲ್ಯಾಂಕಿಗೆ ಹಿಡಿಯಬೇಕಲ್ಲ, ಅದಕ್ಕೆ ಜಾಗ ಸಿಗುವುದಿಲ್ಲ. ಉಪ್ಪುನೀರಿನ ರಾಡ್‌ಗೆ ಅಂದಕ್ಕಿಂತ ಈ ಹಿಡಿತ ಮುಖ್ಯ. ಪ್ರಿಸರ್ವರ್ ಏನಿದ್ದರೂ ಹಿಡಿಕೆಯ ಮುಂದೆ ದಾರದಲ್ಲಿ ಸುತ್ತುವ ಚಿತ್ತಾರಕ್ಕೆ. ಅಲ್ಲಿ ಭಾರ ಬೀಳುವುದಿಲ್ಲ.

ಎಪಾಕ್ಸಿ ಹಾಕಿದ ಮೇಲೆ ಬಣ್ಣ ಹೇಗೆ ಕಾಣಬಹುದು ಅಂತ ಮೊದಲೇ ನೋಡಬಹುದು. ಅದೇ ಬ್ಲ್ಯಾಂಕಿನ ಮೇಲೆ ದಾರವನ್ನು ಒಂದು ಬೆರಳಗಲ ಒತ್ತಾಗಿ ಸುತ್ತಿ, ಒಂದು ಹನಿ ಸ್ಪಿರಿಟ್ ಬಿಡಿ. ನೆನೆದಾಗ ಕಾಣುವ ಬಣ್ಣ ಕೊನೆಯ ಬಣ್ಣಕ್ಕೆ ತುಂಬಾ ಹತ್ತಿರ. ಸ್ಪಿರಿಟ್ ಆರಿದ ಮೇಲೆ ದಾರ ಬಿಚ್ಚಿದರಾಯಿತು. ಗಿರಾಕಿಗೂ ಇದನ್ನೇ ತೋರಿಸುತ್ತೇನೆ. ಎಷ್ಟೋ ಜನ ಆಗ ಮನಸ್ಸು ಬದಲಿಸಿ ಎನ್‌ಸಿಪಿ ಕೇಳುತ್ತಾರೆ. ಕೆಲವರಿಗೆ ಆ ಕಡುಬಣ್ಣವೇ ಹಿಡಿಸುತ್ತದೆ. ನನಗೂ ಅದೇ ಇಷ್ಟ. ಬಿಸಿಲಿಗೆ ಹಿಡಿದಾಗ ದಾರದೊಳಗಿಂದ ಬಣ್ಣ ಹೊಮ್ಮುತ್ತದೆ.

ದಪ್ಪದಲ್ಲಿ ಎ ಸೈಜ್ ತೆಳು, ಡಿ ದಪ್ಪ. ಹಗುರ ರಾಡ್‌ಗೆ ಎ, ಭಾರದ ಕಡಲ ರಾಡ್‌ಗೆ ಡಿ ಅನ್ನುವುದು ರೂಢಿ. ಚಿತ್ತಾರಕ್ಕೆ ನಾನು ಯಾವಾಗಲೂ ಎ ಬಳಸುತ್ತೇನೆ. ಗೆರೆ ಚೂಪಾಗಿ ಬರುತ್ತದೆ.

ಹೊಳಪಿಗೆ ಮೆಟಾಲಿಕ್ ದಾರ ಬೇಕು. ಇದರ ಬಣ್ಣ ಎಪಾಕ್ಸಿಗೆ ಕಂದುವುದಿಲ್ಲ, ಪ್ರಿಸರ್ವರ್ ಬೇಡ. ಆದರೆ ಸ್ವಭಾವ ಹಟಮಾರಿ. ಜಾರುತ್ತದೆ, ನೈಲಾನ್ ಹಾಗೆ ಒತ್ತಾಗಿ ಕೂರುವುದಿಲ್ಲ, ಕತ್ತರಿಸಿದ ಕಡೆ ಸಿಪ್ಪೆ ಏಳುತ್ತದೆ. ಹಾಗಾಗಿ ಬಿಗಿ ಕಡಿಮೆ ಇಡುತ್ತೇನೆ, ಪ್ರತಿ ಸಲ ಹೊಸ ಬ್ಲೇಡ್ ತೆಗೆಯುತ್ತೇನೆ. ಉಂಡೆಯ ತುದಿಯಿಂದ ದಾರ ಎಳೆಯುವುದಿಲ್ಲ. ಉಂಡೆಯೇ ತಿರುಗುತ್ತಾ ಬದಿಯಿಂದ ದಾರ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ತಿರುಚಿಕೊಳ್ಳುತ್ತದೆ. ಗೈಡ್ ಹಿಡಿಯಲು ಮೆಟಾಲಿಕ್ ಬೇಡ. ನೈಲಾನ್ ಸುತ್ತಿನ ಅಂಚಿಗೆ ಮೂರು ನಾಲ್ಕು ಸುತ್ತು ಸಾಕು, ಆ ಸಣ್ಣ ಗೆರೆಯೇ ರಾಡ್‌ಗೆ ಕಳೆ ಕೊಡುತ್ತದೆ.

ಇಲ್ಲಿನ ಕಸೂತಿ ದಾರವೂ ಆಗುತ್ತದೆ. ಮೆಶಿನ್ ಕಸೂತಿಯ ಪಾಲಿಯೆಸ್ಟರ್ ದಾರ ತೆಳುವಾಗಿದ್ದು ಚೆನ್ನಾಗಿ ಕೂರುತ್ತದೆ. ಜರಿಯಲ್ಲಿ ಪ್ಲಾಸ್ಟಿಕ್ ಜರಿಯನ್ನೇ ಆರಿಸಿ, ತಾಮ್ರದ ಜರಿ ಕಪ್ಪಾಗುವ ಗುಣದ್ದು. ಇನ್ನೊಂದು ವಿಷಯ: ಹೊಲಿಗೆ ದಾರಗಳಿಗೆ ಎಷ್ಟೋ ಸಲ ಸಿಲಿಕೋನ್ ಸವರಿರುತ್ತಾರೆ. ಅದರ ಮೇಲೆ ಎಪಾಕ್ಸಿ ಹರಡದೆ ಗುಳಿ ಗುಳಿಯಾಗಿ ಬಿಟ್ಟುಕೊಳ್ಳುತ್ತದೆ. ಹೊಸ ದಾರ ತಂದರೆ ಹಳೆಯ ಬ್ಲ್ಯಾಂಕ್ ತುಂಡಿನ ಮೇಲೆ ಎಪಾಕ್ಸಿ ಸಮೇತ ಪರೀಕ್ಷೆ ಮಾಡಿಯೇ ಮುಂದುವರಿಯುತ್ತೇನೆ.

ಬಿಗಿ ಎಷ್ಟಿರಬೇಕು? ಸುತ್ತಿದ ಮೇಲೂ ಗೈಡನ್ನು ಬೆರಳಲ್ಲಿ ತಳ್ಳಿ ಕೂದಲೆಳೆಯಷ್ಟು ಸರಿಸಲು ಬರಬೇಕು. ಬಿಗಿಯಾದಷ್ಟೂ ಗಟ್ಟಿ ಅನ್ನುವುದು ತಪ್ಪು. ಗೈಡಿನ ಕಾಲು ಬ್ಲ್ಯಾಂಕನ್ನು ಒತ್ತಿ ಗಾಯ ಮಾಡಬಹುದು. ಆ ಕಾಲಿನ ತುದಿಯನ್ನು ಮೊದಲೇ ಅರದಿಂದ ಇಳಿಜಾರು ಮಾಡಿಟ್ಟರೆ ದಾರ ಸಂದು ಬಿಡದೆ ಹತ್ತುತ್ತದೆ. ಉಳಿದ ಸಂದುಗಳನ್ನು ನಯವಾದ ಪ್ಲಾಸ್ಟಿಕ್ ಪೆನ್ನಿನ ಬೆನ್ನಿನಿಂದ ಉಜ್ಜಿ ಮುಚ್ಚುತ್ತೇನೆ.

ವಜ್ರದಾಕಾರದ ಚಿತ್ತಾರಕ್ಕೆ ತಾಳ್ಮೆಗಿಂತ ಅಳತೆ ಮುಖ್ಯ. ಬ್ಲ್ಯಾಂಕಿನ ಎದುರುಬದುರು ಎರಡು ಗೆರೆ ಹಾಕಿ, ದಾರ ಕೂಡುವ ಜಾಗಗಳನ್ನು ಗುರುತಿಸಬೇಕು. ಬ್ಲ್ಯಾಂಕ್ ತುದಿಯ ಕಡೆ ಸಣ್ಣದಾಗುತ್ತದಲ್ಲ, ಗುರುತುಗಳ ನಡುವಿನ ಅಂತರವೂ ಹಾಗೇ ಇಳಿಯಬೇಕು. ಇಲ್ಲದಿದ್ದರೆ ವಜ್ರಗಳು ಮುಂದಕ್ಕೆ ಹೋದಂತೆ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಮೊದಲ ದಾರ ನಡುವೆ, ಆಮೇಲಿನವು ಒಮ್ಮೆ ಈಚೆ, ಒಮ್ಮೆ ಆಚೆ.

ನಮ್ಮ ಕರಾವಳಿಯ ಮಳೆಗಾಲ ಈ ಕೆಲಸಕ್ಕೆ ಆಗಿಬರುವುದಿಲ್ಲ. ನೀರಿನಂಶದ ಪ್ರಿಸರ್ವರ್ ಬೇಗ ಒಣಗುವುದಿಲ್ಲ, ಅರೆ ಒಣಗಿದ್ದರ ಮೇಲೆ ಎಪಾಕ್ಸಿ ಬಿದ್ದರೆ ಮಂಜು ಕಟ್ಟಿದಂತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಎನ್‌ಸಿಪಿ ಮತ್ತು ಮೆಟಾಲಿಕ್ ಮಾತ್ರ ಸುತ್ತುತ್ತೇನೆ. ಪ್ರಿಸರ್ವರ್ ಬೇಕಾದ ಚಿತ್ತಾರ ಕೇಳಿದವರಿಗೆ ದಸರಾ ಕಳೆದ ಮೇಲೆ ಬನ್ನಿ ಅನ್ನುತ್ತೇನೆ.