ಹಾಲು, ತುಪ್ಪ ಇಲ್ಲದೆ ಮಗುವಿಗೆ ಊಟ ಕಲಿಸಿದ್ದು

ಹಸುವಿನ ಹಾಲು ಆಗದ ಮಗುವಿಗೆ ಏನು ತಿನ್ನಿಸ್ತೀರಿ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಇಡ್ಲಿ ಪಾತ್ರೆ ಒಲೆ ಮೇಲಿಡಿ. ನಮ್ಮ ಕಡೆಯ ಹಬೆಯ ಅಡುಗೆಗೆ ಹಾಲಿನ ಹಂಗಿಲ್ಲ. ಹಾಲಿನ ಬದಲಿಗೆ ಏನು ಅಂತ ಅಂಗಡಿಯಲ್ಲಿ ಹುಡುಕುವ ಮೊದಲು, ಹಾಲೇ ಇಲ್ಲದ ತಿಂಡಿ ಮನೆಯಲ್ಲಿ ಎಷ್ಟಿದೆ ಅಂತ ನೋಡುವುದು ಒಳ್ಳೆಯದು.

ನಮ್ಮ ಮಗನಿಗೆ 6 ತಿಂಗಳು ತುಂಬಿದ ಮೇಲೆ ಊಟ ಶುರು ಮಾಡಿದೆವು. ಮೊಸರನ್ನ ಬಾಯಿಗೆ ಹೋದರೆ ಸಾಕು, ತುಟಿ ಸುತ್ತ ಕೆಂಪು ದದ್ದು, ಆಮೇಲೆ ವಾಂತಿ. ಇದು ಹಾಲಿನ ಪ್ರೋಟೀನಿನ ಅಲರ್ಜಿ ಎಂದರು ಮಕ್ಕಳ ಡಾಕ್ಟರು. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದಿರುವುದು ಬೇರೆ, ಇದು ಬೇರೆ. ಹಾಗಾಗಿ ಲ್ಯಾಕ್ಟೋಸ್ ತೆಗೆದ ಹಾಲು ಕೊಟ್ಟರೂ ಉಪಯೋಗವಿಲ್ಲ. ಎಮ್ಮೆ ಹಾಲು, ಮೇಕೆ ಹಾಲಿನಲ್ಲಿರುವ ಪ್ರೋಟೀನೂ ಹೆಚ್ಚುಕಡಿಮೆ ಅದೇ ಥರದ್ದು, ಅದೂ ಬೇಡ ಎಂದರು. ತುಪ್ಪದಲ್ಲೂ ಚೂರು ಪ್ರೋಟೀನ್ ಉಳಿದಿರಬಹುದು ಅಂತ ಅದನ್ನೂ ನಿಲ್ಲಿಸಿದೆವು. ಮನೆಯ ಹಿರಿಯರಿಗೆ ಕಷ್ಟವಾದದ್ದು ಇದೇ. ತುಪ್ಪವಿಲ್ಲದೆ ಮಗು ಮೈ ಹಿಡಿಯುವುದು ಹೇಗೆ ಅಂತ ಅತ್ತೆಗೆ ಚಿಂತೆ. ಅವರು ಕೇಳಿದ್ದು ಸರಿಯಾಗಿಯೇ ಇತ್ತು, ಮಗುವಿಗೆ ಜಿಡ್ಡು ಬೇಕೇ ಬೇಕು. ಅದಕ್ಕೇ ಅನ್ನ-ಬೇಳೆಗೆ ಒಂದು ಚಮಚ ತೆಂಗಿನೆಣ್ಣೆ ಇಲ್ಲವೇ ಕಡಲೆಕಾಯಿ ಎಣ್ಣೆ ಬೆರೆಸತೊಡಗಿದೆ. ಬೆಣ್ಣೆಹಣ್ಣು ಸಿಕ್ಕ ದಿನ ಅದನ್ನೇ ಉದ್ದಕ್ಕೆ ಸೀಳಿ ಕೈಗೆ ಕೊಡುತ್ತಿದ್ದೆ. ಎದೆಹಾಲು ಮಾತ್ರ ನಿಲ್ಲಿಸಲಿಲ್ಲ. ಡಾಕ್ಟರ ಸಲಹೆಯಂತೆ ನಾನೂ ಹಾಲು-ಮೊಸರು ಬಿಟ್ಟೆ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಂಡೆ.

ಕೈಯಲ್ಲಿ ಹಿಡಿದು ತಿನ್ನುವ ತಿಂಡಿಯಲ್ಲಿ ರುಚಿಗಿಂತ ಮೊದಲು ಆಕಾರ ನೋಡಬೇಕು. 7 ತಿಂಗಳ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಮುಷ್ಟಿಯಿಂದ ಆಚೆ ಚಾಚಿಕೊಂಡಿರುವಷ್ಟು ಉದ್ದ ಇದ್ದರೆ ತಾನೇ ಕಚ್ಚಲು ಆಗುವುದು? ಅದಕ್ಕೇ ನಮ್ಮ ಬೆರಳಿನಷ್ಟು ಉದ್ದ, ಅಷ್ಟೇ ದಪ್ಪ ಹೆಚ್ಚುತ್ತಿದ್ದೆ. ಬೆಂದಿದೆಯಾ ಅಂತ ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ನೋಡಿ. ಸುಲಭವಾಗಿ ಹಿಚುಕಿ ಹೋದರೆ ಕೊಡಬಹುದು, ಇಲ್ಲದಿದ್ದರೆ ಇನ್ನೊಂದಿಷ್ಟು ಬೇಯಲಿ. ಸಿಹಿಗುಂಬಳ, ಗೆಣಸು, ಕ್ಯಾರೆಟ್, ಬೇಯಿಸಿದ ನೇಂದ್ರ ಬಾಳೆ ಎಲ್ಲವೂ ಹೀಗೆ. ಸಿಹಿಗುಂಬಳದ ಸಿಪ್ಪೆ ಒಂದು ಬದಿಗೆ ಬಿಟ್ಟರೆ ಕೈಯಿಂದ ಜಾರುವುದಿಲ್ಲ, ಆದರೆ ಸಿಪ್ಪೆ ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕೂತಿರಬೇಕು.

ನಮಗೆ ತುಂಬ ಆಸರೆಯಾದದ್ದು ನುಚ್ಚಿನುಂಡೆ. ತೊಗರಿಬೇಳೆಯನ್ನು 2-3 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ರುಬ್ಬುತ್ತೇನೆ. ದೊಡ್ಡವರಿಗೆ ತರಿ ತರಿ ಇದ್ದರೆ ಚೆಂದ, ಮಗುವಿನ ಪಾಲನ್ನು ಮಾತ್ರ ಇನ್ನೊಂದು ಸುತ್ತು ತಿರುಗಿಸಿ ನುಣ್ಣಗೆ ಮಾಡುತ್ತೇನೆ. ಬೇಳೆಯೊಂದೇ ಆದರೆ ಒಣಗಿ ಗಂಟಲಿಗೆ ಒತ್ತುತ್ತದೆ. ಅದಕ್ಕೆ ಸೋರೆಕಾಯಿ ತುರಿದು ಸೇರಿಸುವುದು. ಜೊತೆಗೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ, ಕಾಯಿತುರಿ, ಸ್ವಲ್ಪ ಜೀರಿಗೆ ಪುಡಿ. ಮಗುವಿನ ಪಾಲು ತೆಗೆದಿಟ್ಟ ಮೇಲೆ ಉಳಿದದ್ದಕ್ಕೆ ಉಪ್ಪು, ಹಸಿಮೆಣಸಿನಕಾಯಿ. ಉಂಡೆ ಕಟ್ಟುವ ಬದಲು ಬೆರಳಿನಂತೆ ಉದ್ದಕ್ಕೆ ಹೊಸೆದು ಹಬೆಯಲ್ಲಿ 15 ನಿಮಿಷ. ಆರಿದ ಮೇಲೆ ಎರಡು ಹನಿ ನಿಂಬೆರಸ. ಹುಳಿ ಸೇರಿದರೆ ಬೇಳೆಯ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಮನೆಯವರೆಲ್ಲ ತಿನ್ನುವುದನ್ನೇ ಮಗುವೂ ತಿನ್ನುತ್ತದೆ ಅಲ್ವಾ, ಆ ಖುಷಿಯೇ ಬೇರೆ.

ರಾಗಿಯನ್ನಂತೂ ಬಿಡುವ ಮಾತೇ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿಸಿದ ಹಿಟ್ಟಿನ ಸರಿಯನ್ನು ಹಾಲಿಲ್ಲದೆ ನೀರಿನಲ್ಲೇ ಕಾಯಿಸುತ್ತಿದ್ದೆ. ಕೊನೆಗೆ ಸ್ವಲ್ಪ ಕಾಯಿಹಾಲು, ಸಿಹಿಗೆ ಹಿಸುಕಿದ ಏಲಕ್ಕಿ ಬಾಳೆ. ಬೆಲ್ಲ ಬೇಕಾಗಲೇ ಇಲ್ಲ. ಜೇನಂತೂ ವರ್ಷ ತುಂಬುವವರೆಗೆ ಕೊಡಲೇಬಾರದು. ಅದೇ ಹಿಟ್ಟಿಗೆ ಬಾಳೆಹಣ್ಣು ಕಲಸಿ ಪುಟ್ಟ ದೋಸೆ ಹುಯ್ದರೆ ಕೈಗೆ ಹಿಡಿಸುತ್ತದೆ. ಒಂದು ಮಾತು ಮಾತ್ರ: ಕಾಯಿಹಾಲು ಅಡುಗೆಗೆ ಸರಿ, ಎದೆಹಾಲು ಅಥವಾ ಈ ಅಲರ್ಜಿ ಇರುವ ಮಕ್ಕಳಿಗೆಂದೇ ಡಾಕ್ಟರು ಬರೆದುಕೊಡುವ ಫಾರ್ಮುಲಾ ಪುಡಿಯ ಜಾಗಕ್ಕೆ ಅದು ಬರುವುದಿಲ್ಲ.

ಮೊಟ್ಟೆ, ಕಡಲೆಕಾಯಿ, ಎಳ್ಳು ಕೊಡುವಾಗ ಡಾಕ್ಟರನ್ನು ಕೇಳಿ, ಬೆಳಗಿನ ಹೊತ್ತು, ಚೂರೇ ಚೂರು, ಒಂದೊಂದಾಗಿ ಶುರು ಮಾಡಿದೆ. ಕಡಲೆಕಾಯಿಯನ್ನು ಹುರಿದು ನುಣ್ಣಗೆ ಅರೆದು ಸರಿಯಲ್ಲಿ ಕದಡಿ ಕೊಟ್ಟೆ. ಇಡೀ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ಚೂರು ಯಾವುದೂ ಬೇಡ. ದ್ರಾಕ್ಷಿ ಕೊಡುವುದಾದರೆ ಉದ್ದಕ್ಕೆ ನಾಲ್ಕು ಸೀಳು. ತಿನ್ನುವಾಗ ಮಗು ಓಕರಿಸಿ, ಕೆಮ್ಮಿ, ತಾನೇ ಉಗುಳುವುದು ಸಹಜ. ಸದ್ದೇ ನಿಂತು, ಉಸಿರಾಡಲು ಒದ್ದಾಡಿದರೆ ಅದು ಅಪಾಯ. ಹಾಗಾದಾಗ ಏನು ಮಾಡಬೇಕು ಅಂತ ಡಾಕ್ಟರ ಬಳಿ ಮೊದಲೇ ಕಲಿತುಕೊಂಡಿದ್ದೆ, ಎಲ್ಲ ತಾಯ್ತಂದೆಯರೂ ಕಲಿಯಬೇಕು.

ಅಂಗಡಿಯ ಬಿಸ್ಕತ್ತು, ಬ್ರೆಡ್ಡು, ಮಕ್ಕಳ ಆಹಾರದ ಪೊಟ್ಟಣಗಳಲ್ಲಿ ಹಾಲಿನ ಪುಡಿ ಅಡಗಿರುತ್ತದೆ. ಪೊಟ್ಟಣದ ಹಿಂದೆ ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್ ಅಂತಿದ್ದರೆ ಕೆಳಗಿಡಿ, ಇವೆಲ್ಲ ಹಾಲಿನಿಂದ ಬಂದವೇ. ಹಾಲು ಇದ್ದರೆ ಅಲರ್ಜಿ ಸೂಚನೆಯಲ್ಲಿ ಅದನ್ನು ಬರೆಯಲೇಬೇಕು ಅಂತ ಕಾನೂನಿದೆ, ಆ ಸಾಲನ್ನು ಮೊದಲು ಓದಿ.

ಮದುವೆ, ನಾಮಕರಣ ಅಂತ ಹೋಗುವಾಗ ಡಬ್ಬಿ ಜೊತೆಗೇ ಇರುತ್ತದೆ. ನುಚ್ಚಿನುಂಡೆ ಬಿಸಿಲಿಗೆ ಬೇಗ ಹಳಸುತ್ತದೆ, ಹಾಗಾಗಿ ಡಬ್ಬಿಗೆ ಸಾದಾ ಇಡ್ಲಿ, ಸಿಪ್ಪೆ ಸುಲಿಯದ ಎರಡು ಏಲಕ್ಕಿ ಬಾಳೆ. ಪಾಯಸ ತಿನ್ನಿಸಲು ಬಂದವರಿಗೆ ನಾನೇ ಒಂದು ತುಂಡು ಇಡ್ಲಿ ಕೈಗೆ ಕೊಟ್ಟು, "ಇದನ್ನ ತಿನ್ನಿಸಿ ಅಕ್ಕಾ" ಅನ್ನುತ್ತೇನೆ. ದೊಡ್ಡವರಾಗುತ್ತ ಬಹಳಷ್ಟು ಮಕ್ಕಳಿಗೆ ಈ ಅಲರ್ಜಿ ಹೋಗಿಬಿಡುತ್ತದೆ. ನಮ್ಮವನಿಗೆ ಮತ್ತೆ ಹಾಲು ಕೊಟ್ಟು ನೋಡುವುದು ಯಾವಾಗ, ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳುತ್ತಾರೆ.