ದ್ರಾಕ್ಷಿ ಬಳ್ಳಿ, ರೇಷ್ಮೆ ಗೂಡು ಸಾಕು: ಮನೆಯಲ್ಲೇ ಕ್ರಿಸ್‌ಮಸ್ ರೀತ್

ಡಿಸೆಂಬರ್ ಬಂತು ಅಂದ್ರೆ ಬಾಗಿಲಿಗೆ ತೂಗುಹಾಕುವ ರೀತ್, ಅಂದ್ರೆ ಬಳೆಯಂತೆ ದುಂಡಗಿನ ಎಲೆ ಮಾಲೆ, ಅಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಎಲೆ, ಪ್ಲಾಸ್ಟಿಕ್ ಹಣ್ಣು, ಬೆಲೆ ಮಾತ್ರ ಅಸಲಿ. ಚಿಕ್ಕಬಳ್ಳಾಪುರದ ಸುತ್ತಮುತ್ತ ಇರುವವರು ಇದಕ್ಕೆ ದುಡ್ಡು ಸುರಿಯೋದು ಯಾಕೆ? ತೋಟದ ಬದುವಿನಲ್ಲಿ ಬಿದ್ದಿರುವ ದ್ರಾಕ್ಷಿ ಕಡ್ಡಿ, ರೇಷ್ಮೆ ಮನೆಯಲ್ಲಿ ಬೇಡವಾದ ಗೂಡು, ಒಂದಿಷ್ಟು ನೀಲಗಿರಿ ಸೊಪ್ಪು ಇದ್ದರೆ ಆಯ್ತು. ಖರ್ಚು ಅಂದ್ರೆ ದಾರ, ಅಂಟು ಅಷ್ಟೇ.

ದ್ರಾಕ್ಷಿಗೆ ಪ್ರೂನಿಂಗ್ ಮಾಡಿದಾಗ ಕತ್ತರಿಸಿದ ಬಳ್ಳಿ ರಾಶಿ ಬಿದ್ದಿರುತ್ತದೆ. ಕೇಳಿ ತಗೊಳ್ಳಿ, ಯಾರೂ ಬೇಡ ಅನ್ನಲ್ಲ. ಪೆನ್ಸಿಲ್ ದಪ್ಪದ, ಆದಷ್ಟು ಉದ್ದವಾದ ಐದಾರು ಬಳ್ಳಿ ಆರಿಸಿ. ಸುರುಳಿ ಕುಡಿ ಇದ್ದರೆ ಕೀಳಬೇಡಿ, ಅದೇ ಚಂದ. ಮೇಲೆ ತಿಳಿನೀಲಿ ಪುಡಿ ಅಂಟಿದ್ದರೆ ಅದು ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಹೊಡೆಯುವ ಔಷಧಿ. ಬೇರೆ ಔಷಧಿಯೂ ಬಿದ್ದಿರಬಹುದು, ಹಾಗಾಗಿ ಮನೆ ಹೊರಗೇ ಚೆನ್ನಾಗಿ ಉಜ್ಜಿ ತೊಳೆಯಿರಿ. ಹಸಿ ಬಳ್ಳಿ ಸುಲಭವಾಗಿ ಬಾಗುತ್ತದೆ. ಒಣಗಿದ್ದರೆ ರಾತ್ರಿಯಿಡೀ ನೆನೆಹಾಕಿ, ಇಲ್ಲಾಂದ್ರೆ ಗೆಣ್ಣಿನ ಹತ್ತಿರ ಟಪ್ ಅಂತ ಮುರಿಯುತ್ತದೆ.

ಒಂದು ಬಳ್ಳಿಯನ್ನು ಅಡಿ ಅಗಲಕ್ಕೆ ಸುತ್ತಿ, ಉಳಿದ ತುದಿಯನ್ನು ಅದರ ಮೇಲೇ ಹೊಸೆದು ಸಿಕ್ಕಿಸಿ. ಮುಂದಿನದನ್ನು ಬೇರೆ ಜಾಗದಿಂದ ಶುರು ಮಾಡಿ, ಸಿಂಬೆ ಸುತ್ತಿದ ಹಾಗೆ ಹೆಣೆಯುತ್ತಾ ಹೋಗಿ. ತಂತಿ ಬೇಕಾಗಿಲ್ಲ. ಬಿಸಿಲಲ್ಲಿ ಚೆನ್ನಾಗಿ ಒಣಗಿದರೆ ಆಕಾರ ನಿಲ್ಲುತ್ತದೆ.

ಸೊಪ್ಪಿಗೆ ನೀಲಗಿರಿಯೇ ಬೆಸ್ಟ್. ಒಣಗಿದರೂ ಬೇಗ ಉದುರಲ್ಲ, ಘಮನೂ ಇರುತ್ತದೆ. ಸಿಲ್ವರ್ ಓಕ್ ಎಲೆಯ ಹಿಂಭಾಗ ಬೆಳ್ಳಿ ಬಣ್ಣ, ಮಧ್ಯೆ ಮಧ್ಯೆ ಮಗುಚಿ ಕಟ್ಟಿ. ಸರ್ವೆ ಸೊಪ್ಪು ಮೊದಲ ದಿನ ಭರ್ಜರಿಯಾಗಿ ಕಾಣುತ್ತದೆ, ಆಮೇಲೆ ಹೊಸ್ತಿಲ ಮುಂದೆಲ್ಲ ಕಸ. ಅದರ ಪುಟ್ಟ ಕಾಯಿ ಮಾತ್ರ ತಗೊಳ್ಳಿ. ಮೂರ್ನಾಲ್ಕು ಎಲೆ ಸೇರಿಸಿ ಹೂ ಕಟ್ಟುವ ದಾರದಿಂದ ಬಳ್ಳಿ ಸುತ್ತಿಗೆ ಬಿಗಿಯಿರಿ. ಎಲ್ಲ ಒಂದೇ ದಿಕ್ಕಿಗೆ ಇರಲಿ, ಒಂದರ ತೊಟ್ಟು ಇನ್ನೊಂದರ ಎಲೆಯ ಕೆಳಗೆ ಮುಚ್ಚಿಹೋಗಲಿ. ಮಾಲೆ ಕಟ್ಟಿ ಅಭ್ಯಾಸ ಇರುವ ಅಮ್ಮನೋ ಅಜ್ಜಿಯೋ ಮನೆಯಲ್ಲಿದ್ದರೆ ಈ ಕೆಲಸ ಅವರಿಗೇ ಬಿಡಿ. ಅರ್ಧ ಸುತ್ತು ಸಾಕು, ಉಳಿದ ಕಡೆ ಬಳ್ಳಿ ಕಾಣಲಿ.

ಈಗ ಗೂಡು. ಶಿಡ್ಲಘಟ್ಟದ ಕಡೆ ಪರಿಚಯದವರಿದ್ದರೆ ಚಿಟ್ಟೆ ಹೊರಬಂದು ತೂತಾದ ಗೂಡು ಕೇಳಿ. ಅದರಿಂದ ನೂಲು ಬಿಚ್ಚೋಕೆ ಆಗಲ್ಲ, ಹಾಗಾಗಿ ಅದಕ್ಕೆ ಒಳ್ಳೆ ಗೂಡಿನ ಬೆಲೆ ಇಲ್ಲ. ಹಸಿ ಗೂಡನ್ನೇ ತಂದು ಅಂಟಿಸಿದರೆ ಒಂದೋ ಚಿಟ್ಟೆ ನಿಮ್ಮ ಬಾಗಿಲಲ್ಲೇ ಹೊರಬರುತ್ತದೆ, ಇಲ್ಲ ಹುಳು ಒಳಗೇ ಸತ್ತು ನಾರುತ್ತದೆ, ಜೊತೆಗೆ ಇರುವೆ ಸಾಲು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನಾದ್ರೂ ಕುಲುಕಿದರೆ ಕತ್ತರಿಸಿ ತೆಗೆದುಬಿಡಿ. ತೂತಿನ ಕಡೆಯಿಂದ ಕತ್ತರಿಯಲ್ಲಿ ಐದು ಸೀಳು ಹಾಕಿ, ಬುಡದ ಹತ್ತಿರ ನಿಲ್ಲಿಸಿ, ಒಂದೊಂದೇ ಎಸಳನ್ನು ಬೆರಳಲ್ಲಿ ಹೊರಕ್ಕೆ ಬಾಗಿಸಿ. ಗೂಡು ಗಟ್ಟಿ ಇರೋದರಿಂದ ಎಸಳು ಹಾಗೇ ನಿಲ್ಲುತ್ತದೆ. ರೇಷ್ಮೆ ಹುಳುವಿನಲ್ಲಿ ಬೈವೋಲ್ಟೀನ್ ತಳಿಯ ಗೂಡು ಬಿಳಿ, ಕ್ರಾಸ್ ಬ್ರೀಡ್ (ಮಿಶ್ರತಳಿ) ಗೂಡು ಹಳದಿ, ಬಣ್ಣದ ಖರ್ಚೂ ಉಳಿಯಿತು. ನಡುವೆ ಒಂದು ಸರ್ವೆ ಕಾಯಿ ಇಟ್ಟು ಗ್ಲೂ ಗನ್ನಿಂದ ಅಂಟಿಸಿ.

ಕೆಂಪಿಗೆ ಗುಲಗಂಜಿ ಹುಡುಕಬೇಡಿ. ನೋಡೋಕೆ ಮುದ್ದಾಗಿದೆ ನಿಜ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ, ಮಕ್ಕಳಿರುವ ಮನೆಗೆ ಬೇಡವೇ ಬೇಡ. ಅಡುಗೆಮನೆಯ ಒಣಮೆಣಸಿನಕಾಯಿ ತೊಟ್ಟು ಸಮೇತ ಗೊಂಚಲು ಕಟ್ಟಿ, ಮಕ್ಕಳ ಕೈಗೆ ಎಟುಕದಷ್ಟು ಮೇಲೆ ಸಿಕ್ಕಿಸಿ. ಆಮೇಲೆ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಅಲಂಕಾರದ ಬೋ ಗಂಟು ಕಟ್ಟೋಕೆ ರಿಬ್ಬನ್ ಯಾಕೆ, ಹಳೇ ಸೀರೆಯ ಜರಿ ಅಂಚು ಇದೆಯಲ್ವಾ?

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ನಾಲ್ಕು ಮೇಣದಬತ್ತಿ ಹಚ್ಚುವ ಅಡ್ವೆಂಟ್ ರೀತ್ ಮಾಡುವವರು ಈ ಸೊಪ್ಪು ಹಾಕಬೇಡಿ. ನೀಲಗಿರಿ ಎಲೆಯಲ್ಲಿ ಎಣ್ಣೆ ಇದೆ, ಒಣಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬಾಗಿಲಿಗಾದರೆ ತೋರಣದ ಮೊಳೆ ಇದ್ದೇ ಇರುತ್ತದೆ, ಸೆಣಬಿನ ದಾರದಲ್ಲಿ ಅಲ್ಲೇ ತೂಗುಹಾಕಿ. ಇಬ್ಬನಿ ಬೀಳುವ ಜಾಗವಾದರೆ ರಾತ್ರಿ ಒಳಗಿಡಿ, ಮೆಣಸಿನಕಾಯಿಗೆ ಬೂಸ್ಟು ಹಿಡಿಯುತ್ತದೆ. ಹಬ್ಬ ಮುಗಿದ ಮೇಲೆ ಸೊಪ್ಪು, ಮೆಣಸಿನಕಾಯಿ ಬಿಚ್ಚಿಹಾಕಿ. ಬಳ್ಳಿ ಸುತ್ತು, ಗೂಡಿನ ಹೂ ಮುಂದಿನ ವರ್ಷಕ್ಕೂ ಬರುತ್ತದೆ. ಮುಚ್ಚಳ ಭದ್ರವಾಗಿರುವ ಡಬ್ಬದಲ್ಲಿ ನುಸಿಗುಳಿಗೆ ಹಾಕಿಡಿ, ಇಲ್ಲಾಂದ್ರೆ ಗೂಡಿಗೆ ಹುಳು ಬೀಳುತ್ತದೆ.