ಕಲಬುರಗಿಯ ಬಿಸಿಲಿಗೆ ಒಗ್ಗಿದ ಟರ್ಬೊ: ಬಗ್ಗಿ ಗಾಡಿ ಕಟ್ಟಿದ ನನ್ನ ಅನುಭವ

ಹಳೆಯ ಮಾರುತಿ ಝೆನ್ ಕಾರಿನ 993 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ, ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಕೂಡಿಸಿ, ಅದನ್ನು ಪೈಪಿನ ಚೌಕಟ್ಟಿನ ಹಗುರ ಗಾಡಿಯಾದ ಬಗ್ಗಿಯೊಂದರ ಹಿಂಭಾಗದಲ್ಲಿ ಕೂರಿಸಿ, ತೊಗರಿ ಕಟಾವಾದ ಹೊಲದಲ್ಲಿ ಓಡಿಸುವ ಕೆಲಸವನ್ನು ನಾನು ಕಲಬುರಗಿಯಲ್ಲೇ, ಕಪನೂರ ಕೈಗಾರಿಕಾ ಪ್ರದೇಶದ ಲೇತ್ ಮತ್ತು ವೆಲ್ಡಿಂಗ್ ಅಂಗಡಿಗಳ ನೆರವಿನಿಂದ ಮಾಡಿ ಮುಗಿಸಿದೆ. ಟರ್ಬೊ ಜೋಡಣೆಯ ಬಗ್ಗೆ ನಾನು ಓದಿ ತಿಳಿದುಕೊಂಡದ್ದರಲ್ಲಿ ಹೆಚ್ಚಿನದು ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಿಗೆ ಸಂಬಂಧಿಸಿದ್ದು. ಆ ವಿದ್ಯೆಯಲ್ಲಿ ಎಷ್ಟನ್ನು ನಮ್ಮ ನಾಡಿಗೆ ತರಬಹುದು, ಎಲ್ಲಿ ಅದನ್ನು ಬಿಟ್ಟು ಬೇರೆ ದಾರಿ ಹುಡುಕಬೇಕು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎತ್ತರದ ಪರ್ವತಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಸ್ನೋಮೊಬೈಲ್ ತಯಾರಿಸುವ ಸ್ಕೀ-ಡೂ ತನ್ನ 2021ರ ಮಾದರಿಯಲ್ಲಿ 850 ಸಿಸಿ ಟೂ-ಸ್ಟ್ರೋಕ್ ಎಂಜಿನ್ನಿಗೆ ಕಾರ್ಖಾನೆಯಲ್ಲೇ ಟರ್ಬೊ ಅಳವಡಿಸಿದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ. ಸಮುದ್ರಮಟ್ಟದಿಂದ 2500 ಮೀಟರ್ ಎತ್ತರದಲ್ಲಿ, ಮೈನಸ್ 15 ಡಿಗ್ರಿ ಚಳಿಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1 ಕಿಲೋ. ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಯಲ್ಲಿ ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಲೆಕ್ಕ ಹಾಕಿದರೆ ಅದು ಸುಮಾರು 1.06 ಕಿಲೋ ಬರುತ್ತದೆ. ಅಲ್ಲಿ ಎತ್ತರ ಕಸಿದುಕೊಳ್ಳುವುದನ್ನು ಇಲ್ಲಿ ಬಿಸಿಲು ಕಸಿದುಕೊಳ್ಳುತ್ತದೆ. ಎಂಜಿನ್ನಿಗೆ ಸಿಗುವ ಗಾಳಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಆದರೆ ಟರ್ಬೊ ಗಾಳಿಯನ್ನು ಒತ್ತಿದ ಮೇಲೆ ಈ ಸಮಾನತೆ ಉಳಿಯುವುದಿಲ್ಲ. 0.5 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಕೊಟ್ಟಾಗ, ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್‌ನ ದಕ್ಷತೆಯನ್ನು ಶೇ. 65 ಎಂದು ಹಿಡಿದರೆ, ಗಾಳಿಯ ಉಷ್ಣತೆ ಸುಮಾರು 60 ಡಿಗ್ರಿಯಷ್ಟು ಏರುತ್ತದೆ. ಹಿಮದ ನಾಡಿನಲ್ಲಿ ಅದು 50ರ ಆಸುಪಾಸಿಗೆ ನಿಂತರೆ ನಮ್ಮಲ್ಲಿ ನೂರು ದಾಟುತ್ತದೆ. ಅಷ್ಟು ಬಿಸಿಯಾದ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಇದನ್ನೇ ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ ಒಡೆಯಲು ಇಷ್ಟು ಸಾಕು. ಸ್ನೋಮೊಬೈಲ್‌ಗಳಲ್ಲಿ ಟ್ರ್ಯಾಕ್ (ಚಕ್ರದ ಬದಲು ಉರುಳುವ ಅಗಲ ಪಟ್ಟಿ) ಎರಚುವ ಹಿಮವೇ ರೇಡಿಯೇಟರ್ ನೀರನ್ನೂ ತಣಿಸುತ್ತದೆ. ನಮಗೆ ಆ ಭಾಗ್ಯವಿಲ್ಲದ ಕಾರಣ, ಬಿಸಿಯನ್ನು ನಿಭಾಯಿಸುವ ಕೆಲಸಕ್ಕೇ ನಾನು ಹೆಚ್ಚಿನ ದುಡ್ಡನ್ನೂ ಶ್ರಮವನ್ನೂ ಹಾಕಿದೆ.

ಟರ್ಬೊಗಾಗಿ ಸ್ವಿಫ್ಟ್ ಡೀಸೆಲ್ ಕಾರಿನ ಕೆಪಿ35 ಅನ್ನು ಆರಿಸಿಕೊಂಡೆ. 1248 ಸಿಸಿ ಡೀಸೆಲ್ ಎಂಜಿನ್ನಿಗೆಂದು ಮಾಡಿದ ಈ ಚಿಕ್ಕ ಟರ್ಬೊ, ಒಂದು ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂನಲ್ಲೇ ಬೂಸ್ಟ್ ಕಟ್ಟುತ್ತದೆ. ಹಳೆಯದು ಹೈದರಾಬಾದಿನಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಡೀಸೆಲ್‌ಗಿಂತ ಪೆಟ್ರೋಲಿನ ಹೊಗೆ ಹೆಚ್ಚು ಬಿಸಿ, ಪೂರ್ಣ ಭಾರದಲ್ಲಿ 900 ಡಿಗ್ರಿ ದಾಟಬಲ್ಲದು. ಆದ್ದರಿಂದ ಟರ್ಬೊದಲ್ಲಿ ಹೊಗೆಯಿಂದ ತಿರುಗುವ ಭಾಗವಾದ ಟರ್ಬೈನಿನ ಬಾಯಿಗೆ ಉಷ್ಣತೆ ಅಳೆಯುವ ಥರ್ಮೋಕಪಲ್ ಕೂರಿಸಿ, 850 ಡಿಗ್ರಿಯನ್ನು ಮೀರಬಾರದ ಗೆರೆ ಎಂದು ಇಟ್ಟುಕೊಂಡೆ.

ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ತರುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ನೋಡಲು ಚೆಂದವೆಂದು ಹಲವರು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸುತ್ತಾರೆ. ಕಾದಾಗ ಸ್ಟೇನ್‌ಲೆಸ್ ಸಾದಾ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ, ತೆಳು ಪೈಪಿನದಾದರೆ ವೆಲ್ಡ್ ಪಕ್ಕದಲ್ಲಿ ಬೇಗ ಬಿರುಕು ಬಿಡುತ್ತದೆ. ಅದಕ್ಕಾಗಿ ಉಗಿ ಹಾಯಿಸಲು ಬಳಸುವ ದಪ್ಪ ಗೋಡೆಯ ಉಕ್ಕಿನ ಪೈಪು ಮತ್ತು ಬೆಂಡುಗಳನ್ನು ತಂದು, 12 ಮಿ.ಮೀ. ಪ್ಲೇಟಿನ ಫ್ಲ್ಯಾಂಜನ್ನು (ಎಂಜಿನ್ನಿಗೆ ಅಂಟಿ ಕೂರುವ ಚಪ್ಪಟೆ ಅಂಚು) ಒಂದು ಹಾಳಾದ ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳ) ಬೋಲ್ಟ್ ಹಾಕಿ ಬಿಗಿದೇ ವೆಲ್ಡ್ ಮಾಡಿಸಿದೆ. ಹೀಗೆ ಬಿಗಿದರೂ ಬಿಚ್ಚಿದ ಮೇಲೆ ಫ್ಲ್ಯಾಂಜ್ ಕೊಂಚ ಬಾಗಿಯೇ ಇರುತ್ತದೆ. ನಮ್ಮ ಲೇತ್ ಚಾಚಾ ಉಕ್ಕಿನ ಪಟ್ಟಿಯೊಂದನ್ನು ಅಡ್ಡ ಇಟ್ಟು, ಹಿಂದೆ ಟಾರ್ಚ್ ಹಿಡಿದು, ಕೂದಲೆಳೆಯಷ್ಟು ಬೆಳಕು ಹಾಯುವುದನ್ನು ತೋರಿಸಿ, “ಇದು ಸಪಾಟ ಇಲ್ಲಂದ್ರ ಎಷ್ಟು ಬಿಗದ್ರೂ ಗ್ಯಾಸ್ ಹೊರಗ ಬರತದ ನೋಡಪಾ” ಎಂದರು. ಗ್ರೈಂಡಿಂಗ್ ಮಾಡಿಸಿ ಬೆಳಕು ಪೂರ್ತಿ ನಿಂತ ಮೇಲೆಯೇ ಅದನ್ನು ಎಂಜಿನ್ನಿಗೆ ಹಾಕಿದೆವು.

ನಾಕಿಂಗ್ ತಡೆಯಲು ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸುವ ಲೆಕ್ಕವೂ ಮುಖ್ಯ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 61 ಮಿ.ಮೀ.; ಅಂದರೆ ಒಂದು ಸಿಲಿಂಡರ್ ಸುಮಾರು 248 ಸಿಸಿ. ಅನುಪಾತ 9ಕ್ಕೆ 1 ಇದ್ದರೆ ಪಿಸ್ಟನ್ ಮೇಲೆ ತುದಿಗೆ ಬಂದಾಗ ಉಳಿಯುವ ಜಾಗ 31 ಸಿಸಿ. ಅದನ್ನು 8ಕ್ಕೆ 1 ಮಾಡಬೇಕಾದರೆ ಸುಮಾರು 35.5 ಸಿಸಿ ಬೇಕು. ದಪ್ಪ ಗ್ಯಾಸ್ಕೆಟ್ ಒಂದರಿಂದಲೇ ಈ ವ್ಯತ್ಯಾಸವನ್ನು ತುಂಬಹೊರಟರೆ ಒಂದು ಮಿ.ಮೀ.ಗೂ ಮಿಕ್ಕಿ ಎತ್ತರಿಸಬೇಕಾಗುತ್ತದೆ. ಆಗ ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವಿನ ಸಂದು ಅಗಲವಾಗಿ, ಮಿಶ್ರಣ ಚೆನ್ನಾಗಿ ಕಲಕದೆ, ನಾಕಿಂಗ್ ಹೆಚ್ಚುವ ಅಪಾಯವಿದೆ. ನಾನು ಸಿರಿಂಜಿನಿಂದ ಸೀಮೆಎಣ್ಣೆ ತುಂಬಿ ಹೆಡ್ಡಿನ ಪ್ರತಿ ಕುಳಿಯನ್ನೂ ಅಳೆದು, ಅರ್ಧದಷ್ಟನ್ನು ಗ್ಯಾಸ್ಕೆಟ್ಟಿನಿಂದಲೂ ಉಳಿದದ್ದನ್ನು ಹೆಡ್ಡಿನ ಕುಳಿಯನ್ನೇ ಸ್ವಲ್ಪ ಕೆತ್ತಿಸಿಯೂ ಸರಿದೂಗಿಸಿದೆ.

ಬಗ್ಗಿಯಲ್ಲಿ ಎಂಜಿನ್ ಹಿಂದಿರುವುದರಿಂದ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಎದುರು ಗಾಳಿ ಸಿಗದು. ಹೊಲದಲ್ಲಿ ವೇಗವೂ ಕಡಿಮೆ. ಹಾಗಾಗಿ ನೀರಿನ ಇಂಟರ್‌ಕೂಲರ್ ಮಾಡಿಸಿ, ಅದಕ್ಕೆ 15 ಲೀಟರ್ ಟ್ಯಾಂಕು, ಚಿಕ್ಕ ಪಂಪು ಕೊಟ್ಟೆ. ಪೂರ್ಣ ಬೂಸ್ಟಿನಲ್ಲಿ ಗಾಳಿಯಿಂದ ತೆಗೆಯಬೇಕಾದ ಶಾಖ ಸುಮಾರು 4 ಕಿಲೋವ್ಯಾಟ್. ಒಂದು ನಿಮಿಷ ಬಿಡದೆ ಒತ್ತಿದರೂ ಅಷ್ಟು ನೀರು ಏರುವುದು 4 ಡಿಗ್ರಿ ಮಾತ್ರ. ಹೊಲದಲ್ಲಿ ಒಂದು ನಿಮಿಷ ಪೂರ್ತಿ ಒತ್ತಿ ಹಿಡಿಯುವ ಪ್ರಸಂಗವೇ ಬರುವುದಿಲ್ಲ. ಟ್ಯಾಂಕಿನ ಸುತ್ತ ಗೋಣಿತಟ್ಟು ಸುತ್ತಿ ಒದ್ದೆಯಾಗಿಟ್ಟರೆ, ನಮ್ಮ ಒಣ ಬೇಸಿಗೆಯಲ್ಲಿ ಅದು ಮಣ್ಣಿನ ಗಡಿಗೆಯಂತೆ ಕೆಲಸ ಮಾಡಿ, ನೀರನ್ನು ಹೊರಗಿನ ಗಾಳಿಗಿಂತ ತಣ್ಣಗೆ ಇಡುತ್ತದೆ. ದುಬಾರಿ ಭಾಗ ಯಾವುದೂ ಇಷ್ಟು ಉಪಕಾರ ಮಾಡಿಲ್ಲವೆಂದು ನನ್ನ ಖಚಿತ ಅಭಿಪ್ರಾಯ.

ಬಿಸಿಲಿನ ಜೊತೆಗಿರುವ ಇನ್ನೊಂದು ಶತ್ರು ದೂಳು. ಕಂಪ್ರೆಸರ್ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಎರೆಮಣ್ಣಿನ ದೂಳಾಗಲಿ, ಶಹಾಬಾದ್ ಕಡೆಯ ಕಲ್ಲುಗಣಿಗಳ ಸುಣ್ಣದ ಪುಡಿಯಾಗಲಿ ಅದರ ಅಲಗುಗಳನ್ನು ಸವೆಸಿಬಿಡುತ್ತದೆ. ಟ್ರ್ಯಾಕ್ಟರಿನ ಪ್ರೀ-ಕ್ಲೀನರ್ (ಫಿಲ್ಟರಿಗೆ ಮೊದಲೇ ದಪ್ಪ ದೂಳನ್ನು ಬೇರ್ಪಡಿಸುವ ಭಾಗ) ಮತ್ತು ದೊಡ್ಡ ಕಾಗದದ ಫಿಲ್ಟರನ್ನು ಚಾಲಕನ ತಲೆಗಿಂತ ಮೇಲೆ ಕೂರಿಸಿದ್ದೇನೆ. ಟರ್ಬೊಗೆ ಹೋಗುವ ಆಯಿಲ್ ಲೈನ್ ಸಣ್ಣದಿದ್ದರೆ ಸಾಕು, ಹಿಂದಿರುಗುವ ಪೈಪು ಮಾತ್ರ ಅಗಲವಾಗಿ, ಎಲ್ಲೂ ಜೋತುಬೀಳದೆ, ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಓಡಿಸಿ ಬಂದ ಮೇಲೆ ಒಂದೆರಡು ನಿಮಿಷ ಎಂಜಿನನ್ನು ಐಡಲ್‌ನಲ್ಲಿ ಬಿಡದೆ ನಿಲ್ಲಿಸಿದರೆ, ಬೇರಿಂಗ್ ಸುತ್ತಲಿನ ಆಯಿಲ್ ಅಲ್ಲೇ ಸುಟ್ಟು ಕರಿಗಟ್ಟುತ್ತದೆ.

ಇಂಧನ ಮತ್ತು ಇಗ್ನಿಷನ್‌ಗೆ ಸ್ಪೀಡುಯಿನೊ ಎಂಬ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) ಹಾಕಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುವುದರಿಂದ, ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಎಂಬ ಹಳೆಯ ಪುಸ್ತಕಗಳ ಲೆಕ್ಕ ನಡೆಯುವುದಿಲ್ಲ. ಲ್ಯಾಂಬ್ಡಾ (ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿ ಸಿಕ್ಕ ಗಾಳಿಯ ಅನುಪಾತ) ನೋಡಿಯೇ ಹೊಂದಿಸಬೇಕು. ಬೂಸ್ಟಿನಲ್ಲಿ 0.80ರ ಹತ್ತಿರ ಇಟ್ಟಿದ್ದೇನೆ. ಬ್ಲಾಕಿಗೆ ನಾಕ್ ಸೆನ್ಸರ್ ಬಿಗಿದು, ಅದರ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಕಿಡಿ ಹಾರುವ ಟೈಮಿಂಗನ್ನು ಬಹಳ ಹಿಂದಿನಿಂದ ಆರಂಭಿಸಿ ಒಂದೊಂದೇ ಡಿಗ್ರಿ ಮುಂದೆ ತಂದೆ.

ಮೂಲದ ಸುಮಾರು 60 ಅಶ್ವಶಕ್ತಿಗೆ ಬದಲು ಈಗ 85ರ ಆಸುಪಾಸು ಇರಬೇಕೆಂಬುದು ಇಂಧನದ ಹರಿವಿನಿಂದ ನಾನು ಮಾಡಿದ ಅಂದಾಜು. ಈ ಬಗ್ಗಿಗೆ ನೋಂದಣಿ ಇಲ್ಲ, ಸಾರ್ವಜನಿಕ ರಸ್ತೆಗೆ ತರುವುದೂ ಇಲ್ಲ. ನೋಂದಾಯಿತ ಕಾರಿನಲ್ಲಿ ಇಂಥ ಬದಲಾವಣೆ ಮಾಡಬಯಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದಬೇಕು. ಸದ್ಯ ಒಳಹೋಗುವ ಗಾಳಿ 60 ಡಿಗ್ರಿ ದಾಟಿದೊಡನೆ ಇಸಿಯು ತಾನಾಗಿ ಟೈಮಿಂಗ್ ಹಿಂದೆ ಸರಿಸುತ್ತದೆ. ಜನವರಿಯ ಮುಂಜಾನೆಗಳಲ್ಲಿ ಆ ಗೆರೆ ಮುಟ್ಟುವುದೇ ಇಲ್ಲವಾದ್ದರಿಂದ, ಚಳಿಗಾಲಕ್ಕೆಂದು 0.6 ಬಾರ್‌ನ ಬೇರೊಂದು ಮ್ಯಾಪ್ (ಇಸಿಯು ಅನುಸರಿಸುವ ಹೊಂದಾಣಿಕೆಯ ಕೋಷ್ಟಕ) ಸಿದ್ಧಪಡಿಸುತ್ತಿದ್ದೇನೆ.